ಮಾವನ ಬೆರಳು, ನೋಟಿನ ಉದ್ದ

ನನ್ನ ಸೋದರಮಾವ ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರು. ಮಧ್ಯಾಹ್ನ ಊಟದ ಹೊತ್ತಿಗೆ ಎದುರಿಗೆ ಹತ್ತು ಜನ ನಿಂತಿರುತ್ತಿದ್ದರು. ಮಾವ ಬಿಲ್ಲು ನೋಡುತ್ತಿದ್ದರು, ಗಿರಾಕಿಯ ಮುಖ ನೋಡುತ್ತಿದ್ದರು, ನೋಟು ಮಾತ್ರ ನೋಡುತ್ತಿರಲಿಲ್ಲ. ಅದನ್ನು ಬೆರಳೇ ಎಣಿಸುತ್ತಿತ್ತು. ಆಮೇಲೆ ಗ್ಲಾಕೋಮಾ ಬಂತು. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ಕಣ್ಣಿನ ನರ ಸಾಯುತ್ತಾ ಹೋಗುವ ಕಾಯಿಲೆ ಅದು. ಮೊದಲು ಪಕ್ಕದ ನೋಟ ಹೋಯಿತು, ಕೊನೆಗೆ ಎದುರಿನದೂ ಹೋಯಿತು. ಆಗಲೂ ದುಡ್ಡಿನ ವಿಷಯದಲ್ಲಿ ಅವರಿಗೆ ಹೆದರಿಕೆ ಇರಲಿಲ್ಲ. “ನೋಟು ತಾನೇ, ಕೈಗೆ ಗೊತ್ತುಂಟು” ಎನ್ನುತ್ತಿದ್ದರು.

2016ರ ಕೊನೆಯಿಂದ ಹೊಸ ಸರಣಿಯ ನೋಟುಗಳು ಒಂದೊಂದಾಗಿ ಬಂದವು. ಒಂದು ದಿನ ಮಾವ ಹೂವಿನ ಅಂಗಡಿಯಲ್ಲಿ ಇನ್ನೂರು ಅಂತ ಐನೂರು ಕೊಟ್ಟು ಬಂದರು. ಅಂಗಡಿಯವರು ಒಳ್ಳೆಯವರು, ಮರುದಿನ ಕರೆದು ವಾಪಸ್ ಕೊಟ್ಟರು. ಆದರೆ ಮಾವ ಅಂದಿನಿಂದ ಒಬ್ಬರೇ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ನನಗೆ ಅದು ಬಹಳ ಬೇಜಾರು ಮಾಡಿತು. ಕಣ್ಣು ಹೋದಾಗಲೂ ಕುಗ್ಗದವರು ಒಂದು ನೋಟಿಗೆ ಕುಗ್ಗಿದರಲ್ಲ!

ಸ್ಕೇಲು ಹಿಡಿದು ಅಳೆಯಲು ಕೂತೆ. ಹಳೆಯ ಸರಣಿಯಲ್ಲಿ ನೂರರ ನೋಟು 157 ಮಿಲಿಮೀಟರ್ ಉದ್ದ, ಐನೂರರದ್ದು 167. ನಡುವೆ ಒಂದು ಸೆಂಟಿಮೀಟರ್ ಅಂತರ. ಹೊಸ ಸರಣಿಯಲ್ಲಿ ನೂರು 142, ಇನ್ನೂರು 146, ಐನೂರು 150. ಮೂರಕ್ಕೂ ಅಗಲ ಒಂದೇ, 66. ಹೊಸ ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ 6 ಮಿಲಿಮೀಟರ್ ಇದೆ. ಇನ್ನೂರಕ್ಕೂ ಐನೂರಕ್ಕೂ ಬರೀ 4. ತಪ್ಪಿದರೆ ನಷ್ಟ ಜಾಸ್ತಿ ಆಗುವ ಕಡೆಯಲ್ಲೇ ಅಂತರ ಕಮ್ಮಿ. ಇನ್ನೂ ಒಂದು ತೊಡಕಿದೆ. ಹಳೆಯ ಇಪ್ಪತ್ತರ ನೋಟಿನ ಉದ್ದ 147, ಹೊಸ ಇನ್ನೂರರದ್ದು 146. ಅಗಲದಲ್ಲಿ 3 ಮಿಲಿಮೀಟರ್ ವ್ಯತ್ಯಾಸ ಇಲ್ಲದಿದ್ದರೆ ಎರಡೂ ಒಂದೇ.

ಆದರೆ ಬೆರಳ ತುದಿ ಎಷ್ಟು ಸೂಕ್ಷ್ಮ ಅಲ್ವಾ? ಬ್ರೈಲ್ ಚುಕ್ಕೆಗಳ ನಡುವೆ ಇರುವುದೇ ಸುಮಾರು ಎರಡೂವರೆ ಮಿಲಿಮೀಟರ್. ಅದನ್ನು ಸಲೀಸಾಗಿ ಓದುವ ಬೆರಳಿಗೆ 4 ಮಿಲಿಮೀಟರ್ ಯಾಕೆ ತಿಳಿಯಬಾರದು? ಮಾವನನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಇನ್ನೂರು ಮತ್ತು ಐನೂರರ ನೋಟನ್ನು ಒಂದು ತುದಿ ಸರಿಯಾಗಿ ಜೋಡಿಸಿ ಒಟ್ಟಿಗೆ ಕೊಟ್ಟರೆ ಮಾವ ಒಮ್ಮೆಯೂ ತಪ್ಪಲಿಲ್ಲ. ಒಂದೇ ನೋಟು ಕೊಟ್ಟರೆ ಮತ್ತೆ ಮತ್ತೆ ತಪ್ಪಿದರು.

ಕಾರಣ ನಮ್ಮ ಮೈಯಲ್ಲೇ ಇದೆ. ಎರಡು ನೋಟು ಜೋಡಿಸಿದಾಗ ತುದಿಯಲ್ಲಿ ಒಂದು ಮೆಟ್ಟಿಲು ಸಿಗುತ್ತದೆ. ಅದನ್ನು ಬೆರಳ ತುದಿಯ ಚರ್ಮ ಹಿಡಿಯುತ್ತದೆ. ಸ್ಪರ್ಶದ ನರತುದಿಗಳು ಅಲ್ಲಿ ಒತ್ತೊತ್ತಾಗಿವೆ. ಆದರೆ ಒಂದೇ ನೋಟಿನ ಉದ್ದ ತಿಳಿಯಬೇಕಾದರೆ ಚರ್ಮ ಸಾಲದು. ಎರಡು ಕೈಗಳ ನಡುವೆ ಎಷ್ಟು ದೂರ ಎಂದು ಮೆದುಳಿಗೆ ಹೇಳಬೇಕಾದದ್ದು ಕೀಲುಗಳು ಮತ್ತು ಸ್ನಾಯುಗಳು. ಅವುಗಳ ಅಳತೆ ಅಷ್ಟು ನಾಜೂಕಲ್ಲ. 146ರಲ್ಲಿ 4 ಎಂದರೆ ನೂರಕ್ಕೆ ಮೂರು ಪಾಲೂ ಇಲ್ಲ. ಗಲ್ಲಾದಲ್ಲಿ ಮಾವನಿಗೆ ಪಕ್ಕದಲ್ಲೇ ನೋಟಿನ ಕಟ್ಟುಗಳಿದ್ದವು, ತಾಳೆ ನೋಡಲು ಆಗುತ್ತಿತ್ತು. ಹೂವಿನ ಅಂಗಡಿಯಲ್ಲಿ ಜೇಬಿನಿಂದ ತೆಗೆದ ಒಂಟಿ ನೋಟು.

ಹೊಸ ನೋಟಿನಲ್ಲಿ ಉಬ್ಬು ಗುರುತುಗಳೂ ಇವೆ. ನೂರಕ್ಕೆ ತ್ರಿಕೋನ, ಐನೂರಕ್ಕೆ ವೃತ್ತ. ಅಂಚಿನಲ್ಲಿ ಓರೆ ಗೆರೆಗಳು ಬೇರೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಅಚ್ಚಿನ ತಗಡಿನಲ್ಲಿ ತಗ್ಗು ಕೊರೆದು, ಅದರಲ್ಲಿ ಶಾಯಿ ತುಂಬಿ, ಕಾಗದವನ್ನು ಭಾರೀ ಒತ್ತಡದಲ್ಲಿ ಒತ್ತಿದಾಗ ಗುರುತು ಉಬ್ಬಿ ಬರುತ್ತದೆ. ಗರಿಗರಿ ನೋಟಿನಲ್ಲಿ ಅದು ಚೆನ್ನಾಗಿ ಸಿಗುತ್ತದೆ. ಮುಂಬೈಯ ಬೆವರು, ಮಳೆ, ಮೀನು ಮಾರುಕಟ್ಟೆ ಎಲ್ಲ ಸುತ್ತಿ ಬಂದ ನೋಟಿನಲ್ಲಿ ಸವೆದುಹೋಗಿರುತ್ತದೆ. ನಾಣ್ಯದ ವಿಷಯ ಇದಕ್ಕಿಂತ ವಾಸಿ. 2019ರಲ್ಲಿ ಬಂದ ಸರಣಿಯಲ್ಲಿ ಹತ್ತು ಮತ್ತು ಇಪ್ಪತ್ತು ಎರಡರ ವ್ಯಾಸವೂ 27 ಮಿಲಿಮೀಟರ್, ಆದರೆ ಇಪ್ಪತ್ತಕ್ಕೆ ಹನ್ನೆರಡು ಮೂಲೆಗಳಿವೆ. ಲೋಹ ಅಷ್ಟು ಬೇಗ ಸವೆಯುವುದಿಲ್ಲ.

ಫೋನಿನ ದಾರಿಯೂ ಒಂದುಂಟು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ‘ಮಣಿ’ ಎಂಬ ಆಪ್ ಬಿಟ್ಟಿತು. ಕ್ಯಾಮೆರಾ ಎದುರು ನೋಟು ಹಿಡಿದರೆ ಎಷ್ಟರದ್ದು ಎಂದು ಹೇಳುತ್ತದೆ, ಇಂಟರ್ನೆಟ್ ಬೇಡ. ಮಾವ ಮನೆಯಲ್ಲಿ ಬಳಸುತ್ತಾರೆ. ಅಂಗಡಿಯಲ್ಲಿ, ಹಿಂದೆ ಜನ ನಿಂತಿರುವಾಗ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲ ಇರುವಾಗ ಆಗುವುದಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಮಿಠಾಯಿ ಡಬ್ಬಿಯ ರಟ್ಟು. ಉದ್ದ ಪಟ್ಟಿ ಕತ್ತರಿಸಿ ಒಂದು ತುದಿ ಮಡಚಿದೆ. ಆ ಮಡಿಕೆಯಿಂದ ಅಳೆದು 142, 146, 150ಕ್ಕೆ ಅಂಚಿನಲ್ಲಿ ಕಚ್ಚು ಹಾಕಿದೆ. ಮಡಿಕೆಗೆ ನೋಟಿನ ಒಂದು ತುದಿ ತಾಗಿಸಿದರೆ ಇನ್ನೊಂದು ತುದಿ ಯಾವ ಕಚ್ಚಿನ ಹತ್ತಿರ ಬಂತು ಎಂದು ಹೆಬ್ಬೆರಳಿಗೆ ತಿಳಿಯುತ್ತದೆ. ಕೀಲು ಮಾಡಬೇಕಿದ್ದ ಕೆಲಸ ಚರ್ಮಕ್ಕೆ ಹೋಯಿತು, ಅಷ್ಟೇ. ಮಾವ ಈಗ ಅದನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡೇ ಹೂವು ತರುತ್ತಾರೆ.

ಇದಾದ ಮೇಲೆ ನನ್ನ ಕಣ್ಣು ಎಲ್ಲ ಕಡೆ ಇದನ್ನೇ ಹುಡುಕತೊಡಗಿತು. ಯಾವ ಮಾತನ್ನು ಕಣ್ಣಿಗೆ ಮಾತ್ರ ಹೇಳಿದ್ದಾರೆ? ಯಾವುದನ್ನು ಕಿವಿಗೆ, ಕಾಲಿಗೆ ಕೂಡ ಹೇಳಿದ್ದಾರೆ? ನಿಲ್ದಾಣದ ಹಳದಿ ಉಬ್ಬು ಹಾಸು ಕಾಲಿಗೆ ಹೇಳುವ ಮಾತು. ಜಪಾನಿನ ಸೆಇಚಿ ಮಿಯಾಕೆ ಅದನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದಲ್ಲಿ, ಅಂಧರ ಶಾಲೆಯ ಹತ್ತಿರ ಮೊದಲು ಹಾಸಿದರು. ಉದ್ದ ಗೆರೆ ಎಂದರೆ ನಡಿ, ಚುಕ್ಕೆ ಎಂದರೆ ನಿಲ್ಲು. ಲೋಕಲ್ ರೈಲಿನ ಪ್ಲಾಟ್‌ಫಾರ್ಮಿನಲ್ಲಿ ದಿವ್ಯಾಂಗರ ಡಬ್ಬಿ ನಿಲ್ಲುವ ಜಾಗದಲ್ಲಿ ಬೀಪ್ ಬೀಪ್ ಎನ್ನುವ ಯಂತ್ರ ಕಿವಿಗೆ ಹೇಳುವ ಮಾತು. ಅದು ಬಿಟ್ಟು ಬಿಟ್ಟು ಕೂಗುವುದರಲ್ಲಿ ಅರ್ಥವಿದೆ. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಮುಟ್ಟುತ್ತದೆ. ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಮ್ಮಿ ವ್ಯತ್ಯಾಸ. ಅದರಿಂದಲೇ ಮೆದುಳು ದಿಕ್ಕು ಕಂಡುಹಿಡಿಯುತ್ತದೆ. ಪ್ರತಿ ಬೀಪ್ ಶುರುವಾಗುವಾಗಲೂ ಹಾಗೆ ಹೋಲಿಸಲು ಹೊಸ ಅವಕಾಶ ಸಿಗುತ್ತದೆ.

ಆಮೇಲೆ ನಮ್ಮ ಕನ್ನಡದ್ದೇ ಒಂದು ಪೇಚು ಎದುರಾಯಿತು. ಮುಂಬೈಯ ಕನ್ನಡಿಗರ ಒಂದು ಮಾಸಿಕ ಪಿಡಿಎಫ್ ರೂಪದಲ್ಲಿ ವಾಟ್ಸಾಪಿಗೆ ಬರುತ್ತದೆ. ಮಾವನ ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಇದೆ. ಕನ್ನಡದ ಸುದ್ದಿ ತಾಣಗಳನ್ನು ಚೆನ್ನಾಗಿಯೇ ಓದುತ್ತದೆ. ಮಾಸಿಕ ತೆರೆದರೆ ಮಾತ್ರ ಏನೇನೋ ಬಡಬಡಿಸಿತು. “ಎಂತ ಮಾರಾಯ್ತಿ ಇದು, ಪೌಂಡ್ ಪೌಂಡ್ ಹೇಳ್ತದೆ!” ಅಂದರು ಮಾವ.

ಸುಮ್ನೆ ಹೇಳಿದ್ದಲ್ಲ, ನಿಜವಾಗಿ ಅಲ್ಲಿ ಪೌಂಡ್ ಚಿಹ್ನೆ ಇತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮೊದಲು ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಬಿಡಿಸಿ ಕೂರಿಸಿದರು. ‘ಕನ್ನಡ’ ಎಂದು ಬರೆದರೆ ಒಳಗೆ ಇರುವುದು ಏಳು ಚೂರು. ಕ-ದ ಒಡಲು ‘ಪಿ’ ಅಕ್ಷರದ ಮನೆಯಲ್ಲಿ, ಅದರ ತಲಕಟ್ಟು ಬೇರೆ ಮನೆಯಲ್ಲಿ, ನ-ದ ಒಡಲು 163ನೇ ಮನೆಯಲ್ಲಿ, ಅಂದರೆ ಪೌಂಡ್ ಚಿಹ್ನೆಯ ಜಾಗದಲ್ಲಿ. ಕಣ್ಣಿಗೆ ಕನ್ನಡ ಕಾಣುತ್ತದೆ, ಓದಿ ಹೇಳುವ ತಂತ್ರಾಂಶಕ್ಕೆ ಕನ್ನಡವೇ ಇಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಆಕಾರಕ್ಕಲ್ಲ, ಅಕ್ಷರಕ್ಕೆ ಸಂಖ್ಯೆ. ಕ ಎಂದರೆ 3221, ನ ಎಂದರೆ 3240. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಆದರೂ ಅಚ್ಚಿನ ಮನೆಗಳಲ್ಲಿ ಹಳೆಯ ಫಾಂಟುಗಳು ಇನ್ನೂ ಉಸಿರಾಡುತ್ತಿವೆ. ಎಲ್ಲರಿಗೂ ಬಳಸಲು ಬರುವ ರೂಪದಲ್ಲಿ ಮಾಹಿತಿ ಸಿಗಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ನಾವು ಮುಂಬೈಯಲ್ಲಿ ಕೂತು ಕನ್ನಡ ಉಳಿಯಲಿ ಎನ್ನುವವರು. ಅದು ಕಣ್ಣಿದ್ದವರಿಗೆ ಮಾತ್ರ ಉಳಿದರೆ ನನಗೆ ಒಪ್ಪಿಗೆಯಿಲ್ಲ.

ಮಾಸಿಕದ ಸಂಪಾದಕರಿಗೆ ಫೋನ್ ಮಾಡಿ, ಮಾವನ ಫೋನು ಓದುವುದನ್ನೇ ಕೇಳಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ತಿಂಗಳು ಪುಟಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಕಡತ ಕಳಿಸಿದರು. ಮಾವ ಮೊದಲು ಶ್ರದ್ಧಾಂಜಲಿ ಕೇಳಿದರು, ಆಮೇಲೆ ಯಕ್ಷಗಾನದ ದಿನಗಳು. ನಡುವೆ ತಡೆದು, “ಇಲ್ಲಿ ‘ಕಾರ್ಯಕ್ರಮ’ ಕಾಯ್ರಕ್ರಮ ಆಗಿದೆ ನೋಡು” ಅಂದರು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಮೇಲೆ ಕೂರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಪರಿವರ್ತಕ ಅಲ್ಲೇ ಎಡವಿತ್ತು. ಸಂಪಾದಕರ ಕಣ್ಣಿಗೆ ಬೀಳದ್ದು ಮಾವನ ಕಿವಿಗೆ ಬಿತ್ತು. ಈಗ ಪ್ರತಿ ತಿಂಗಳು ಕಡತ ಮೊದಲು ಮಾವನ ಫೋನಿಗೆ ಬರುತ್ತದೆ. ತಪ್ಪುಗಳನ್ನು ಅವರು ಒಂದೊಂದಾಗಿ ಹೇಳುತ್ತಾರೆ, ನಾನು ಬರೆದು ಕಳಿಸುತ್ತೇನೆ.