ಬಿರುಗಾಳಿಗೆ ಮುರಿದ ಗುಲಾಬಿ: ಎಲ್ಲಿಗೆ ಕತ್ತರಿಸಬೇಕು?

ಬಿರುಗಾಳಿಗೆ ನನ್ನ ಗುಲಾಬಿ ಗಿಡಗಳು ನೆಲಕಚ್ಚಿ ಮೂರು ವಾರ ಆಯ್ತು. ಕಲಿತದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಬುಡ, ಆಮೇಲೆ ಕತ್ತರಿ. ಗಿಡ ಓಲಾಡಿ ಓಲಾಡಿ ಬುಡದ ಸುತ್ತ ಕುಳಿ ಬಿದ್ದಿರುತ್ತದೆ. ಅಲ್ಲಿ ನೀರು ನಿಂತರೆ ಬೇರಿಗೆ ಉಸಿರಾಡಲು ಆಗುವುದಿಲ್ಲ, ಎಲೆ ಜೋತುಬೀಳುತ್ತದೆ. ಬಾಯಾರಿಕೆ ಅಂದುಕೊಂಡು ಮತ್ತೆ ನೀರು ಹಾಕಬೇಡಿ. ನೀರು ಬಸಿದ ಮೇಲೆ ಗಿಡ ನೆಟ್ಟಗೆ ಮಾಡಿ, ಕುಳಿಗೆ ಮಣ್ಣು ತುಂಬಿ, ಕೋಲು ಕೊಟ್ಟು ಸಡಿಲವಾಗಿ ಕಟ್ಟಿ.

ಈಗ ನಾನು ಎಡವಿದ ಜಾಗ. ಮುರಿದಲ್ಲಿಂದ ಸ್ವಲ್ಪ ಕೆಳಗೆ ಕತ್ತರಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಹೊರಗೆ ಸಿಪ್ಪೆ ಹಸಿರಾಗಿಯೇ ಇತ್ತು, ಅಲ್ವಾ? ಆದರೆ ಹತ್ತು ದಿನದಲ್ಲಿ ಕಡ್ಡಿ ತುದಿಯಿಂದ ಕೆಳಕ್ಕೆ ಕಪ್ಪಾಗುತ್ತಾ ಬಂತು. ಕೊಂಬೆ ತಿರುಚಿ ಮುರಿದಾಗ ಸೀಳು ಒಳಗೊಳಗೇ ಕೆಳಗಿನವರೆಗೂ ಹೋಗಿರುತ್ತದೆ, ಅದು ಸಿಪ್ಪೆ ನೋಡಿದರೆ ಗೊತ್ತಾಗುವುದಿಲ್ಲ. ನೋಡಬೇಕಾದ್ದು ನಡುವಿನ ತಿರುಳು. ಒಂದು ಬೆರಳಗಲ ಕತ್ತರಿಸಿ, ಕತ್ತರಿಸಿದ ಮುಖ ನೋಡಿ. ನಡುವೆ ಕಂದು ಚುಕ್ಕೆ ಇದ್ದರೆ ಇನ್ನೊಂದು ಬೆರಳು ಕೆಳಗೆ. ನನ್ನ ಒಂದು ಕಡ್ಡಿಯಲ್ಲಿ ಮೂರು ಸಲವೂ ಪೆನ್ಸಿಲ್ ಒಳಗಿನ ಕಡ್ಡಿಯ ಹಾಗೆ ಕಂದು ಚುಕ್ಕೆ ಕಾಣಿಸಿತು, ನಾಲ್ಕನೇ ಸಲ ಪೂರ್ತಿ ಬಿಳಿ. ಬಿಳಿ ಕಂಡರೆ ಅಲ್ಲಿಂದ ಕೆಳಗಿರುವ, ಗಿಡದ ಹೊರಮುಖಕ್ಕೆ ತಿರುಗಿದ ಮೊದಲ ಕಣ್ಣು (ಚಿಗುರೊಡೆಯುವ ಸಣ್ಣ ಉಬ್ಬು) ಹುಡುಕಿ. ಅದರ ಮೇಲೆ ಸುಮಾರು 5 ಮಿಲಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಿ. ಓರೆಯ ಎತ್ತರದ ಬದಿ ಕಣ್ಣಿನ ಕಡೆಗಿರಲಿ, ಇಳಿಜಾರು ಆಚೆಗಿರಲಿ. ಆಗ ಮಳೆನೀರು ಕಣ್ಣಿನ ಮೇಲೆ ಇಳಿಯುವುದಿಲ್ಲ. ನಾನು ಇದನ್ನೂ ಮೊದಲು ಉಲ್ಟಾ ಮಾಡಿದ್ದೆ. ಕಸಿ ಗಂಟಿನವರೆಗೂ (ಗಿಡದ ಬುಡದಲ್ಲಿ ಕಸಿ ಕಟ್ಟಿದ ಜಾಗದ ದಪ್ಪ ಉಬ್ಬು) ಕಂದೇ ಇದ್ದರೆ ಆ ಕಡ್ಡಿಯನ್ನು ಅದರ ಬುಡದಲ್ಲೇ ತೆಗೆಯಿರಿ, ಗಂಟಿಗೆ ಮಾತ್ರ ಕತ್ತರಿ ತಾಗಿಸಬೇಡಿ.

ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಉದುರಿದ ಎಲೆಗಳನ್ನು ಗುಡಿಸಿ, ಕಪ್ಪು ಚುಕ್ಕೆ ರೋಗ ಅದರಿಂದಲೂ ಹರಡುತ್ತದೆ. ಗಿಡದಲ್ಲಿ ಉಳಿದ ಎಲೆ ಹರಿದಿದ್ದರೂ, ರೋಗ ಇಲ್ಲದಿದ್ದರೆ ಕೀಳಬೇಡಿ. ಗಿಡಕ್ಕೆ ಈಗ ಊಟ ಮಾಡಿಕೊಡುವುದು ಅವೇ.

ಕಸಿ ಗಂಟಿನ ಕೆಳಗಿಂದ ಜೋರಾಗಿ ಚಿಗುರು ಬಂದರೆ ಖುಷಿಪಡಬೇಡಿ, ಅದು ಬೇರುಗಿಡದ್ದು, ಅಂದರೆ ಕಸಿ ಕಟ್ಟಲು ಕೆಳಗೆ ಬಳಸಿದ ಬೇರೆ ಗುಲಾಬಿಯದ್ದು. ಬುಡದವರೆಗೆ ಮಣ್ಣು ಬಿಡಿಸಿ ಕಿತ್ತುಹಾಕಿ.

ಗೊಬ್ಬರ ಮಾತ್ರ ಈಗಲೇ ಬೇಡ. ನನ್ನ ಗಿಡದ ಕಣ್ಣುಗಳು ಈಗಷ್ಟೇ ಉಬ್ಬಿ ಕೆಂಪಾಗುತ್ತಿವೆ. ಚಿಗುರು ಗೇಣುದ್ದ ಆಗಲಿ, ಆಮೇಲೆ ಸ್ವಲ್ಪ ಸ್ವಲ್ಪ ಕೊಡುತ್ತೇನೆ.