ಯಾವ ವಿಪತ್ತು ಎಷ್ಟು ಪುರುಸೊತ್ತು ಕೊಡುತ್ತದೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿ ಮನೆಗಳಿಗಾಗಿ ಒಂದು ಟಿಪ್ಪಣಿ

ವಿಪತ್ತು ನಿರ್ವಹಣೆ ವಿಷಯ ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ. ಪುಸ್ತಕಗಳಲ್ಲಿ ವಿಪತ್ತುಗಳನ್ನು ನೈಸರ್ಗಿಕ, ಮಾನವ ನಿರ್ಮಿತ ಅಂತ ಎರಡು ಭಾಗ ಮಾಡಿರುತ್ತಾರೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ನಮ್ಮ ಕಡೆಯ ಒಂದು ಮನೆ ಏನು ತಯಾರಿ ಮಾಡಿಕೊಳ್ಳಬೇಕು ಅಂತ ಕೇಳಿದರೆ ಆ ವಿಂಗಡಣೆಯಿಂದ ಏನೂ ಸಿಗುವುದಿಲ್ಲ. ನಾನು ಬೇರೆ ಥರ ಜೋಡಿಸಿಕೊಂಡಿದ್ದೇನೆ: ಯಾವ ವಿಪತ್ತು ನಮಗೆ ಎಷ್ಟು ಪುರುಸೊತ್ತು ಕೊಡುತ್ತದೆ ಅನ್ನುವುದರ ಮೇಲೆ. ಬರ ತಿಂಗಳುಗಟ್ಟಲೆ ಕೊಡುತ್ತದೆ. ಕೃಷ್ಣೆಯ ನೆರೆ ಸಾಮಾನ್ಯವಾಗಿ ಒಂದೆರಡು ದಿನ ಕೊಡುತ್ತದೆ. ಊರ ಪಕ್ಕದ ಹಳ್ಳ ಕೆಲವೇ ಗಂಟೆ, ಸಿಡಿಲು ಕೆಲವೇ ನಿಮಿಷ. ಭೂಕಂಪ ಏನೂ ಕೊಡುವುದಿಲ್ಲ.

ಮೊದಲು ಪುಸ್ತಕಗಳಲ್ಲಿರುವ ವಿಪತ್ತಿನ ಅಪಾಯದ ಸೂತ್ರ ಮುಗಿಸೋಣ. ಅಪಾಯದ ಘಟನೆ, ಅದರ ದಾರಿಯಲ್ಲಿ ಇರುವ ಜನ ಮತ್ತು ಆಸ್ತಿ, ಅವರ ದುರ್ಬಲತೆ, ಈ ಮೂರೂ ಸೇರಿದಾಗ ನಷ್ಟದ ಸಂಭವ ಹೆಚ್ಚುತ್ತದೆ. ಜನರ ಸಾಮರ್ಥ್ಯ ಹೆಚ್ಚಿದಷ್ಟೂ ಅದು ತಗ್ಗುತ್ತದೆ. ಇದನ್ನು ಬಾಯಿಪಾಠ ಮಾಡುವ ಬದಲು ಮಲಪ್ರಭೆಯನ್ನು ನೆನಪಿಟ್ಟುಕೊಳ್ಳಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಅಣೆಕಟ್ಟಿನ ಕೆಳಗೆ ಹೊಳೆ ಬಹುತೇಕ ಒಣಗಿಯೇ ಇರುತ್ತದೆ. ಪಾತ್ರದಲ್ಲಿ ಜಾಲಿ ಬೆಳೆಯುತ್ತದೆ, ದಂಡೆಯ ಹೊಲ ವರ್ಷ ವರ್ಷ ಒಳಗೆ ಸರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಆ ನೀರಿಗೆ ಹರಿಯಲು ದಾರಿ ಸಾಲಲಿಲ್ಲ. ರಾಮದುರ್ಗ, ಬಾದಾಮಿ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು, ಪಟ್ಟದಕಲ್ಲು, ಐಹೊಳೆಗೂ ಬಂತು. ಅಂದರೆ ಒಣಗಿದ ವರ್ಷಗಳೇ ಮುಂದಿನ ನೆರೆಗೆ ಜಾಗ ಮಾಡಿಕೊಟ್ಟಿದ್ದವು. ಸೂತ್ರದ ಎರಡನೇ ಪದ, ಅಂದರೆ ದಾರಿಯಲ್ಲಿ ಇರುವ ಜನ ಮತ್ತು ಆಸ್ತಿ, ಇದೇ.

ಕೃಷ್ಣೆಯ ಲೆಕ್ಕ

ಚಿಕ್ಕೋಡಿ, ಜಮಖಂಡಿ ಕಡೆ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಬರುವುದುಂಟು. ಇದು ವಿಚಿತ್ರವೇನಲ್ಲ. ಮಳೆ ಬೀಳುವುದು ಮಹಾಬಳೇಶ್ವರ, ಕೊಯ್ನಾ, ಕೊಲ್ಹಾಪುರದ ಘಟ್ಟಗಳಲ್ಲಿ. ಆ ನೀರು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜ್ ದಾಟಿ ಬರುತ್ತದೆ. ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಇನ್ನೊಂದು ಕಡೆಯಿಂದ ಬರುತ್ತದೆ. ಎರಡೂ ಸೇರಿದ ಮೊತ್ತವೇ ಚಿಕ್ಕೋಡಿ ತಾಲೂಕಿನ ಕಲ್ಲೋಳದ ಹತ್ತಿರ ನಮಗೆ ಕಾಣುವುದು. ಮಳೆಗಾಲದಲ್ಲಿ ಪತ್ರಿಕೆಗಳು ದಿನಾ ಅಚ್ಚು ಹಾಕುವ ಕ್ಯುಸೆಕ್ ಅಂಕಿಗಳು ಇವೇ. ಬಹಳಷ್ಟು ಜನ ಅದನ್ನು ಸುಮ್ನೆ ನೋಡಿ ಪುಟ ತಿರುವುತ್ತಾರೆ. ನಮ್ಮ ಪುರುಸೊತ್ತು ಅಡಗಿರುವುದು ಆ ಅಂಕಿಯಲ್ಲೇ.

ಲೆಕ್ಕ ಸುಲಭ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 1 ಲಕ್ಷ ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಈ ಒಂದು ಅಂಕಿ ತಲೆಯಲ್ಲಿದ್ದರೆ ಸಾಕು, ಉಳಿದದ್ದು ಗುಣಾಕಾರ, ಭಾಗಾಕಾರ. ಒಂದು ಅಭ್ಯಾಸ ಮಾಡೋಣ. ಕೃಷ್ಣೆಯ ಉಪನದಿ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಅದರಲ್ಲಿ 41 ಟಿಎಂಸಿ ತುಂಬಿದೆ, ಒಳಹರಿವು 60,000 ಕ್ಯುಸೆಕ್ ಇದೆ, ಹೊರಗೆ ಏನೂ ಬಿಡುತ್ತಿಲ್ಲ ಅಂದುಕೊಳ್ಳಿ. ದಿನಕ್ಕೆ 5.18 ಟಿಎಂಸಿ ಬರುತ್ತದೆ. ಉಳಿದ 10 ಟಿಎಂಸಿ ಜಾಗ ಎರಡು ದಿನದೊಳಗೆ ಮುಗಿಯುತ್ತದೆ. ಆಮೇಲೆ ಬಂದಷ್ಟೂ ಕೆಳಗೆ ಬಿಡಲೇಬೇಕು. ವಾಸ್ತವದಲ್ಲಿ ಅಷ್ಟು ತುಂಬುವವರೆಗೂ ಕಾಯದೆ ಮೊದಲೇ ಬಿಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ಗೋಕಾಕದವರು ಹಿಡಕಲ್‌ನ ಹೊರಹರಿವು ಮಾತ್ರ ನೋಡಿದರೆ ಸಾಲದು. ಹಿರಣ್ಯಕೇಶಿ ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಮಾರ್ಕಂಡೇಯ ನದಿ ಗೋಕಾಕದ ಹತ್ತಿರ ಸೇರುತ್ತದೆ. ಮೂರನ್ನೂ ಕೂಡಿಸಬೇಕು. 2019ರಲ್ಲಿ ಗೋಕಾಕ ಪಟ್ಟಣ ನೀರಲ್ಲಿ ನಿಂತಾಗ ಬಂದಿದ್ದು ಬರೀ ಒಂದು ಅಣೆಕಟ್ಟಿನ ನೀರಲ್ಲ. ಅದೇ ನೀರು ಮುಂದೆ ಮುಧೋಳಕ್ಕೆ ಹೋಗುತ್ತದೆ. ಹಾಗಾಗಿ ಮುಧೋಳದವರಿಗೆ ಗೋಕಾಕದ ಸುದ್ದಿಯೇ ಮುನ್ಸೂಚನೆ.

ಈ ಒಂದೆರಡು ದಿನದಲ್ಲಿ ಮನೆಯವರು ಏನು ಮಾಡುತ್ತಾರೆ? ಹೊಳೆ ದಂಡೆಯ ರೈತರು ಮೊದಲು ಓಡುವುದು ಮೋಟಾರಿನ ಕಡೆಗೆ. ಮೋಟಾರ್, ಪೈಪು, ಸ್ಟಾರ್ಟರ್ ಡಬ್ಬಿ ಎಲ್ಲ ಎತ್ತಿ ತರಬೇಕು. ಅದು ತಪ್ಪಲ್ಲ, ಮೋಟಾರ್ ಹೋದರೆ ಮುಂದಿನ ಬೆಳೆಯೂ ಹೋಯಿತು. ಆದರೆ ಎತ್ತುವುದಿದ್ದರೆ ಹೊಳೆ ಏರಲು ಶುರುವಾದ ದಿನವೇ ಎತ್ತಬೇಕು. ನೀರು ರಭಸ ಹಿಡಿದ ಮೇಲೆ ಇಳಿಯಬಾರದು. ರಭಸದ ನೀರು ಅರ್ಧ ಅಡಿ ಇದ್ದರೂ ಮನುಷ್ಯನ ಕಾಲು ಕೀಳಬಹುದು, ಎರಡು ಅಡಿ ಇದ್ದರೆ ಜೀಪನ್ನೂ ಎಳೆದೊಯ್ಯುತ್ತದೆ. ಮುಳುಗಿದ ಸೇತುವೆಯ ಮೇಲೆ ಬೈಕು ಹಾಯಿಸುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇನ್ನು ದನಗಳು. ಜನ ಊರು ಬಿಡಲು ಒಪ್ಪದಿರುವುದಕ್ಕೆ ಬಹಳ ಸಲ ಇವೇ ಕಾರಣ. ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು, ಅದು ನನಗೆ ಸರಿ ಕಾಣುವುದಿಲ್ಲ. ಎಮ್ಮೆ, ಆಕಳು, ಎತ್ತುಗಳನ್ನು ಯಾವ ದಿಬ್ಬಕ್ಕೆ ಹೊಡೆಯಬೇಕು, ಮೇವು ಯಾರ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ ಅನ್ನುವುದು ಮೇ ತಿಂಗಳಲ್ಲೇ ಗೊತ್ತಿರಬೇಕು. ಹೊಡೆಯಲು ಆಗದೇ ಇದ್ದರೆ ಕಣ್ಣಿ ಬಿಚ್ಚಿ ಬಿಡಬೇಕು. ಬಿಟ್ಟ ಎಮ್ಮೆ ಈಜಿ ದಡ ಸೇರಬಹುದು. ಗೂಟಕ್ಕೆ ಕಟ್ಟಿದ ಎಮ್ಮೆಗೆ ಆ ಅವಕಾಶವೂ ಇಲ್ಲ. ಹಗೇವಿನಲ್ಲಿ ಜೋಳ ಇಟ್ಟ ಮನೆಗಳೂ ಅಲ್ಲಲ್ಲಿ ಇವೆ. ನೆಲದೊಳಗಿನ ಕಾಳಿಗೆ ನೀರು ಹೊಕ್ಕರೆ ಪೂರ್ತಿ ಕೊಳೆಯುತ್ತದೆ, ಆದ್ದರಿಂದ ಹೊಳೆಸಾಲಿನ ಊರಲ್ಲಿ ಮಳೆಗಾಲದ ಕಾಳು ಚೀಲದಲ್ಲಿ, ಎತ್ತರದಲ್ಲಿ ಇರಬೇಕು.

ಕೈಚೀಲದಲ್ಲಿ ಏನಿರಬೇಕು? ಬಿಸ್ಕತ್ತು, ಡಬ್ಬಿ ಆಹಾರ ಅಂತ ಬರೆದಿರುವ ಪಟ್ಟಿಗಳನ್ನು ಬಿಡಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಬೆಲ್ಲ ಇದ್ದರೆ ಒಲೆಯಿಲ್ಲದೆ ನಾಲ್ಕು ದಿನ ಕಳೆಯಬಹುದು. ಅದರ ಜೊತೆ ಟಾರ್ಚು, ಮೊಬೈಲ್ ಪವರ್ ಬ್ಯಾಂಕು, ಒಆರ್‌ಎಸ್ ಪೊಟ್ಟಣ, ಬಿಪಿ ಶುಗರ್ ಮಾತ್ರೆ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ (ಪಹಣಿ), ಮನೆಯ ಉತಾರ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಮನೆ ಬಿಡುವಾಗ ಮೇನ್ ಸ್ವಿಚ್ ಮತ್ತು ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಬೇಕು. ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ಸಹಾಯವಾಣಿ 1077. ಇವನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟರೆ ಮನೆಯ ಹಿರಿಯರಿಗೂ ಅನುಕೂಲ.

ಮಾಳಿಗೆ ಮನೆ

2019ರ ನೆರೆ ಮುಖ್ಯವಾಗಿ ಘಟ್ಟದಿಂದ ಬಂತು. 2009ರದ್ದು ಹಾಗಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಬಂಗಾಳ ಕೊಲ್ಲಿ ಕಡೆಯ ವಾಯುಭಾರ ಕುಸಿತದಿಂದ ನಮ್ಮ ತಲೆಯ ಮೇಲೆಯೇ ಮಳೆ ಸುರಿಯಿತು. ಆಗ ರಾಜಾಪುರದ ಅಂಕಿ ನೋಡಿ ಪ್ರಯೋಜನವಿರಲಿಲ್ಲ. ಹೊಳೆಯಿಂದ ದೂರದ ಊರುಗಳಲ್ಲೂ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು.

ಮಾಳಿಗೆ, ಅಂದರೆ ತೊಲೆಗಳ ಮೇಲೆ ಮಣ್ಣು ಹಾಕಿದ ಸಮತಟ್ಟು ಚಾವಣಿ, ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ಜಡಿಮಳೆ ಹಿಡಿದರೆ ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಅದೇ ಹೊತ್ತಿಗೆ ಗೋಡೆಯ ಬುಡ ನೆನೆದು ಮೆತ್ತಗಾಗುತ್ತದೆ. ಮೇಲೆ ಭಾರ, ಕೆಳಗೆ ಬಲ ಇಲ್ಲ. ಇಂಥ ಗೋಡೆ ಬೀಳುವ ಮೊದಲು ಕೆಲವು ಗುರುತು ಕೊಡಬಹುದು: ಮೂಲೆಯಲ್ಲಿ ಹೊಸ ಬಿರುಕು, ನಡುವೆ ಉಬ್ಬು, ತೊಲೆ ಕೂತ ಕಡೆ ಮಣ್ಣು ಉದುರುವುದು, ನಿನ್ನೆ ಸರಾಗ ಹಾಕುತ್ತಿದ್ದ ಬಾಗಿಲು ಇವತ್ತು ಬಿಗಿಯಾಗುವುದು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಶಾಲೆ, ಸಮುದಾಯ ಭವನ, ನೆಂಟರ ಆರ್‌ಸಿಸಿ ಮನೆ, ಎಲ್ಲಾದರೂ ಸರಿ. ಮಳೆ ನಿಂತು ಬಿಸಿಲು ಬಿದ್ದಾಗ ಜನ ಧೈರ್ಯವಾಗಿ ಒಳಗೆ ಹೋಗುತ್ತಾರೆ, ಅಲ್ವಾ? ನೆನೆದ ಗೋಡೆ ಒಣಗುತ್ತಾ ಕುಗ್ಗಿ ಬಿರುಕು ಬಿಡುವುದು ಆಗಲೇ. ಮೇ ಕೊನೆಯೊಳಗೆ ಮಾಳಿಗೆಯ ನೀರು ಹೋಗುವ ದಾರಿ ಸರಿಮಾಡಿ, ಒಂದು ಒಳ್ಳೆ ತಾಡಪತ್ರಿ ತಂದಿಟ್ಟುಕೊಳ್ಳುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗದ ವಿಮೆ.

ಸಿಡಿಲು

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರದ ಮಳೆಯಲ್ಲಿ ಹೊಲದಲ್ಲಿರುವವರಿಗೆ, ಕುರಿ ಕಾಯುವವರಿಗೆ ಇದರ ಅಪಾಯ ಜಾಸ್ತಿ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ 30ರೊಳಗೆ ಇದ್ದರೆ ತಕ್ಷಣ ಪಕ್ಕಾ ಕಟ್ಟಡಕ್ಕೆ ಅಥವಾ ಗಾಜು ಏರಿಸಿದ ಕಾರು, ಬಸ್ಸಿನೊಳಗೆ ಹೋಗಬೇಕು. ಬೇವಿನ ಮರದ ಬುಡ, ಹೊಲದ ಪತ್ರಾಸ್ (ತಗಡಿನ) ಶೆಡ್ಡು ಆಸರೆ ಅಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಮುಟ್ಟಬಹುದು, ಉಸಿರು ನಿಂತಿದ್ದರೆ ಎದೆ ಒತ್ತಬೇಕು, 108ಕ್ಕೆ ಕರೆ ಮಾಡಬೇಕು. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಬಗ್ಗೆ ಮೊಬೈಲಿಗೆ ಎಚ್ಚರಿಕೆ ಕೊಡುತ್ತದೆ.

ಭೂಕಂಪದ ಬಗ್ಗೆ ಬೇಗ ಮುಗಿಸುತ್ತೇನೆ. ಮಹಾರಾಷ್ಟ್ರದಲ್ಲಾದ 1967ರ ಕೊಯ್ನಾ, 1993ರ ಕಿಲಾರಿ (ಲಾತೂರ್ ಜಿಲ್ಲೆ) ಭೂಕಂಪಗಳು ಎರಡೂ ನಮಗೆ ದೂರವಲ್ಲ. ವಿಜಯಪುರದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಣ್ಣ ಕಂಪನಗಳು ಆಗಿವೆ. ಕಿಲಾರಿಯಲ್ಲಿ ಜನರ ಮೇಲೆ ಬಿದ್ದದ್ದು ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಭಾರದ ಮಾಳಿಗೆ. ಅಂಥ ಮನೆಗಳು ನಮ್ಮಲ್ಲೂ ಇವೆ.

ನೀರು ಇಳಿದ ಮೇಲೆ

ಬಾವಿ, ಬೋರಿನ ನೀರು ಕುದಿಸಿಯೇ ಕುಡಿಯಬೇಕು. ಬಣವೆ, ಕಟ್ಟಿಗೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿಯಿರಿ, ನೆರೆಯಲ್ಲಿ ಬಂದ ಹಾವುಗಳು ಅಲ್ಲೇ ಸೇರಿರುತ್ತವೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ಬಿದ್ದ ವೈರು ಕಂಡರೆ ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ.

ಬಿದ್ದ ಮನೆಯ ಫೋಟೊವನ್ನು ಅವಶೇಷ ತೆಗೆಯುವ ಮೊದಲೇ ತೆಗೆಯಿರಿ. ಪಂಚನಾಮೆಗೆ ಬಂದವರಿಗೆ ಸ್ವಚ್ಛ ಮಾಡಿದ ಜಾಗ ತೋರಿಸಿದರೆ ನಷ್ಟ ಸಾಬೀತು ಮಾಡುವುದು ಕಷ್ಟ. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದ್ದರೆ ಹೊಲ ಮುಳುಗಿದ 72 ಗಂಟೆಯೊಳಗೆ ತಿಳಿಸಬೇಕು. ಕಾಳಜಿ ಕೇಂದ್ರದಲ್ಲಿ (ಪರಿಹಾರ ಶಿಬಿರದಲ್ಲಿ) ಇದ್ದವರು ಈ ಗಡುವನ್ನು ಮರೆಯುವುದು ಸಹಜ, ಆದ್ದರಿಂದ ವಿಮೆಯ ರಸೀದಿಯೂ ಆ ಪ್ಲಾಸ್ಟಿಕ್ ಚೀಲದಲ್ಲೇ ಇರಲಿ.