ಸಕಲೇಶಪುರ ರೈಲು ನಿಲ್ದಾಣ: ಇಳಿಜಾರಿನಿಂದ ಓದಬೇಕಾದ ಚರಿತ್ರೆ

ಸಕಲೇಶಪುರ ನಿಲ್ದಾಣದ ಚರಿತ್ರೆಯನ್ನು ಓದುವವರು ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಘಟ್ಟದ ಬುಡದ ಸುಬ್ರಹ್ಮಣ್ಯ ರೋಡ್ ನಿಲ್ದಾಣವು ಅದಕ್ಕಿಂತ ಸುಮಾರು 800 ಮೀಟರ್ ತಗ್ಗಿನಲ್ಲಿದೆ. ಇಲ್ಲಿನ ಕಡಿದಾದ ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಇಳಿತ. ಎಲ್ಲಿಯೂ ಬಿಡುವಿಲ್ಲದೆ ಹೀಗೆಯೇ ಇಳಿದರೂ 40 ಕಿಲೋಮೀಟರ್ ಹಳಿ ಬೇಕು. ಡೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ನಿಲ್ದಾಣಗಳಲ್ಲಿ ರೈಲು ನಿಲ್ಲಲು ಹೆಚ್ಚು ಸಮತಟ್ಟಾದ ಜಾಗವೂ ಬೇಕಾಗುವುದರಿಂದ ದಾರಿ ಸುಮಾರು 55 ಕಿಲೋಮೀಟರ್ ಆಗಿದೆ. ಅಷ್ಟರಲ್ಲಿ 57 ಸುರಂಗಗಳು!

ಅರಸೀಕೆರೆ–ಮೈಸೂರು ಮಾರ್ಗದಿಂದಾಗಿ ಹಾಸನಕ್ಕೆ ಮೊದಲ ಮಹಾಯುದ್ಧದ ಕಾಲದಲ್ಲೇ ರೈಲು ಬಂದಿತ್ತು. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಸಕಲೇಶಪುರ ಮಾತ್ರ ಹಲವು ದಶಕ ಕಾಯಬೇಕಾಯಿತು. ಕಾಫಿ, ಏಲಕ್ಕಿ, ಮೆಣಸು ಬೆಳೆಯುವ ಸೀಮೆಯಾದರೂ ಹಳಿಯನ್ನು ಇತ್ತ ಎಳೆದದ್ದು ಮುಖ್ಯವಾಗಿ ನವಮಂಗಳೂರು ಬಂದರು ಎಂಬುದನ್ನು ಗಮನಿಸಬೇಕು. ಹಾಸನ–ಮಂಗಳೂರು ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ.

ಇಳಿಜಾರಿನ ಭಾರವನ್ನು ಹೀಗೆ ತಿಳಿಯಬಹುದು: 1000 ಟನ್ ತೂಕದ ರೈಲು 50ಕ್ಕೆ 1ರ ಏರಿನಲ್ಲಿ ನಿಂತರೆ, ಅದನ್ನು ಹಿಂದಕ್ಕೆ ಜಾರದಂತೆ ಹಿಡಿಯಲಷ್ಟೇ ಸುಮಾರು 20 ಟನ್ ತೂಕಕ್ಕೆ ಸಮನಾದ ಬಲ ಬೇಕು. ಆದ್ದರಿಂದಲೇ ಘಟ್ಟ ಹತ್ತುವ ರೈಲುಗಳಿಗೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಬ್ಯಾಂಕರ್ ಎನ್ನುವ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಇಳಿಯುವಾಗ ಬ್ರೇಕಿನ ಮೇಲಿನ ಹಿಡಿತವೇ ಮುಖ್ಯವಾಗುತ್ತದೆ. ಹಾಗಾಗಿ ಸಕಲೇಶಪುರದ ನಿಲುಗಡೆಯನ್ನು ಪ್ರಯಾಣಿಕರು ಹತ್ತಿಳಿಯುವ ವೇಳೆಯೆಂದಷ್ಟೇ ಎಣಿಸಬಾರದು, ಅದು ಘಟ್ಟಕ್ಕೆ ಅಣಿಯಾಗುವ ಠಾಣೆಯೂ ಹೌದು.

ಬ್ರಾಡ್ ಗೇಜ್, ಅಂದರೆ ಹೆಚ್ಚು ಅಗಲದ ಹಳಿಗೆ ಪರಿವರ್ತಿಸಲು 1990ರ ದಶಕದ ಮಧ್ಯದಲ್ಲಿ ಘಟ್ಟದ ಸಂಚಾರ ನಿಂತಿತು. ಸರಕು ರೈಲುಗಳು 2006ರಲ್ಲಿ ಮರಳಿದವು. ಪ್ರಯಾಣಿಕರ ರೈಲಿಗೆ 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಒಂದು ದಶಕಕ್ಕೂ ಮೀರಿದ ಈ ವಿರಾಮವನ್ನು ಗೇಜ್ ಬದಲಾವಣೆಯ ಅಡಿಟಿಪ್ಪಣಿಯಂತೆ ದಾಟಿಬಿಡುವುದು ನನಗೆ ಸರಿಕಾಣದು, ಏಕೆಂದರೆ ಅಷ್ಟೂ ವರ್ಷ ಸಕಲೇಶಪುರದ ಸೀಮೆಯವರಿಗೆ ಕರಾವಳಿಯ ನೇರ ದಾರಿಯೆಂದರೆ ಮುಖ್ಯವಾಗಿ ಶಿರಾಡಿ ಘಾಟಿಯ ರಸ್ತೆಯೇ ಆಗಿತ್ತು. ಮಳೆಗಾಲದಲ್ಲಿ ಹಳಿಗೆ ಈಗಲೂ ಅಪಾಯವಿದೆ: 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು, ಹಳಿಯ ಕೆಳಗಿನ ಮಣ್ಣನ್ನು ಮತ್ತೆ ಕಟ್ಟಿ ನಿಲ್ಲಿಸುವವರೆಗೆ ರೈಲುಗಳು ಘಟ್ಟ ಇಳಿಯಲಿಲ್ಲ.